ಆಲಮಟ್ಟಿ ನೀರಿನ ಲೆಕ್ಕಕ್ಕೆ ಡೇಟಾರ‍್ಯಾಪರ್: ಕೆಲವು ಮಳೆಗಾಲಗಳ ಬಳಕೆಯ ನಂತರ

ಡೇಟಾರ‍್ಯಾಪರ್ ಎಂಬ, ಅಂಕಿ ಕೊಟ್ಟರೆ ಚಾರ್ಟು, ನಕಾಶೆ ಮಾಡಿಕೊಡುವ ಆನ್‌ಲೈನ್ ಉಪಕರಣ ಹೇಗಿದೆ ಎಂದು ಕೇಳುವ ಪತ್ರಕರ್ತ ಗೆಳೆಯರಿಗೆ ನಾನು ಮೊದಲು ಹೇಳುವುದು, ದುಡ್ಡು ಕೊಡಬೇಡಿ, ಪುಕ್ಕಟೆ ಖಾತೆಯೇ ಸಾಕು ಅಂತ. ಎರಡನೆಯ ಮಾತು ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಚಾರ್ಟ್ ಮಾಡುವುದು ಐದು ನಿಮಿಷದ ಕೆಲಸ, ಅದಕ್ಕೂ ಮುಂಚೆ ಅರ್ಧ ದಿನ ಅಂಕಿಗಳ ಶೀಟಿನ ಜೊತೆ ಗುದ್ದಾಡಬೇಕು. ಆ ಗುದ್ದಾಟ ನಮ್ಮದೇ. ಅದನ್ನು ತಪ್ಪಿಸುತ್ತೇನೆ ಎನ್ನುವ ಉಪಕರಣಗಳ ಜಾಹೀರಾತು ನಂಬಬೇಡಿ.

ಬಾಗಲಕೋಟೆ ನವನಗರದಿಂದ ಬೆರಳೆಣಿಕೆಯ ಜನ ಸೇರಿ ನಡೆಸುವ ಸುದ್ದಿತಾಣಕ್ಕೆ ನಾನು ಬರೆಯುತ್ತೇನೆ. ಡಿಸೈನರ್ ಎಂಬ ಹುದ್ದೆ ನಮ್ಮಲ್ಲಿಲ್ಲ, ಕೋಡ್ ಬರೆಯುವವರಂತೂ ಇಲ್ಲವೇ ಇಲ್ಲ. ಜರ್ಮನಿಯ ಪತ್ರಕರ್ತರ ತರಬೇತಿ ಸಂಸ್ಥೆಯೊಂದಕ್ಕಾಗಿ ತಯಾರಾಗಿ 2012ರಲ್ಲಿ ಬಳಕೆಗೆ ಬಂದ ಉಪಕರಣವಿದು. ಸುದ್ದಿಮನೆಯ ಅವಸರ ಗೊತ್ತಿದ್ದವರು ಮಾಡಿದ್ದು ಎನ್ನುವುದು ಬಳಸುವಾಗ ತಿಳಿಯುತ್ತದೆ. ಅಂಕಿಗಳನ್ನು ಅಂಟಿಸಬೇಕು, ಸರಿಯಿದೆಯೇ ನೋಡಬೇಕು, ಚಾರ್ಟಿನ ಬಗೆ ಆರಿಸಬೇಕು, ಪ್ರಕಟಿಸಬೇಕು. ಅಷ್ಟೇ.

ನಮ್ಮ ಕಡೆ ಮುಂಗಾರು ಶುರುವಾಯಿತೆಂದರೆ ಸುದ್ದಿ ಎಂದರೆ ನೀರು. ಕೃಷ್ಣೆಯ ಆಲಮಟ್ಟಿ ಡ್ಯಾಮಿಗೆ ಎಷ್ಟು ಬಂತು, ಹಿಡಕಲ್‌ ಡ್ಯಾಮಿನಿಂದ ಘಟಪ್ರಭೆಗೆ ಎಷ್ಟು ಬಿಟ್ಟರು, ನವಿಲುತೀರ್ಥದಿಂದ ಮಲಪ್ರಭೆಗೆ ಎಷ್ಟು. ಮೊದಲೆಲ್ಲ ‘ಆಲಮಟ್ಟಿ ಒಳಹರಿವು ಹೆಚ್ಚಳ’ ಎಂದು ತಲೆಬರಹ ಕೊಟ್ಟು, ಕೆಳಗೆ ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಲೆಕ್ಕ ಬರೆದರೆ ಸುದ್ದಿ ಮುಗಿಯುತ್ತಿತ್ತು. ಹೊಳೆದಂಡೆಯಲ್ಲಿ ಜಮೀನು ಇದ್ದವನಿಗೆ ಅದರಿಂದ ತಿಳಿಯುತ್ತಿದ್ದುದು ಸೊನ್ನೆ. 1 ಲಕ್ಷ ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಳಹರಿವು ಒಂದೂವರೆ ಲಕ್ಷ, ಹೊರಹರಿವು ಒಂದು ಲಕ್ಷ ಇದ್ದರೆ ಆ ದಿನ ಡ್ಯಾಮಿನಲ್ಲಿ ಉಳಿಯುವುದು ಸುಮಾರು 4.32 ಟಿಎಂಸಿ. ಶೀಟಿನಲ್ಲಿ ಇದಕ್ಕೊಂದು ಕಾಲಂ ಮಾಡಿ, ಚಾರ್ಟಿಗೆ ಜೋಡಿಸಿದ ಮೇಲೆ ಓದುಗರ ಪ್ರಶ್ನೆಗಳೇ ಬದಲಾದವು. ‘ಎಷ್ಟು ಬಂತು’ ಎನ್ನುತ್ತಿದ್ದವರು ‘ಬರೋದು ಇಷ್ಟಿದ್ರೂ ಬಿಡೋದು ಯಾಕ ಕಡಿಮಿ ಐತ್ರಿ?’ ಎಂದು ಕೇಳತೊಡಗಿದರು. ನಾವು ಕೇಳಬೇಕಾದ ಪ್ರಶ್ನೆಯೂ ಅದೇ ಆಗಿತ್ತು.

ಯಾವ ಅಂಕಿಗೆ ಯಾವ ಚಾರ್ಟ್ ಎಂಬುದನ್ನು ಮಾತ್ರ ನಾವೇ ಯೋಚಿಸಬೇಕು. ಆಲಮಟ್ಟಿಯ ಪೂರ್ಣಮಟ್ಟ 519.60 ಮೀಟರ್, ಆಗಿನ ಸಂಗ್ರಹ 123.08 ಟಿಎಂಸಿ. ಮಟ್ಟವನ್ನು ಸೊನ್ನೆಯಿಂದ ಏಳುವ ಕಂಬಗಳಲ್ಲಿ ತೋರಿಸಿದರೆ 512 ಮೀಟರ್ ಇದ್ದ ದಿನವೂ 519 ಇದ್ದ ದಿನವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ವಾಸ್ತವದಲ್ಲಿ ಆ ಏಳು ಮೀಟರಿನಲ್ಲಿ ಒಂದು ಹಂಗಾಮಿನ ನೀರಾವರಿಯೇ ಇದೆ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಕೊನೆಯ ಮೀಟರುಗಳಲ್ಲೇ ಹೆಚ್ಚು ನೀರು. ಹಾಗಾಗಿ ಮಟ್ಟಕ್ಕೆ ಗೆರೆಯ ಚಾರ್ಟ್, ಸಂಗ್ರಹಕ್ಕೆ ಕಂಬ ಎಂದು ಇಟ್ಟುಕೊಂಡಿದ್ದೇನೆ. ಇನ್ನೊಂದು ತಕರಾರು ಅಳತೆಯದು. ಆಲಮಟ್ಟಿ ಮೀಟರಿನಲ್ಲಿ, ಹಿಡಕಲ್ (ಪೂರ್ಣಮಟ್ಟ 2175) ಮತ್ತು ನವಿಲುತೀರ್ಥ (2079.50) ಅಡಿಯಲ್ಲಿ. ಮೂರನ್ನೂ ಒಂದೇ ಚಾರ್ಟಿನಲ್ಲಿ ಕೂರಿಸಬೇಕೆಂದರೆ ಶೇಕಡಾವಾರು ಸಂಗ್ರಹ ಒಂದೇ ದಾರಿ.

ಗೂಗಲ್ ಶೀಟ್ ಜೋಡಿಸಿಟ್ಟರೆ ಅಲ್ಲಿ ಅಂಕಿ ಬದಲಾದಂತೆ ತಾಣದಲ್ಲಿನ ಚಾರ್ಟೂ ಬದಲಾಗುತ್ತದೆ. ಕೇಳಲು ಚೆಂದ. ನಮ್ಮ ಓದುಗರು ಇರುವುದು ವಾಟ್ಸಾಪಿನಲ್ಲಿ. ಅವರಿಗೆ ಹೋಗುವುದು ಚಾರ್ಟಿನ ಚಿತ್ರ, ಬೆರಳಿಟ್ಟರೆ ಅಂಕಿ ತೋರಿಸುವ ಜೀವಂತ ಚಾರ್ಟ್ ಅಲ್ಲ. ಚಿತ್ರ ಒಮ್ಮೆ ಗ್ರೂಪಿಗೆ ಬಿತ್ತೆಂದರೆ ಮುಗಿಯಿತು, ಹುಂಡಿಯಲ್ಲಿ ಹಾಕಿದ ದುಡ್ಡಿನಂತೆ, ವಾಪಸ್ ತೆಗೆಯಲಾಗದು. ಮುಧೋಳ ತಾಲೂಕಿನ ಓದುಗರೊಬ್ಬರು ಒಮ್ಮೆ ಫೋನ್ ಮಾಡಿ, ‘ಸರ್ರ, ಇದು ಯಾವತ್ತಿಂದ್ರಿ? ನಮ್ಮೂರಾಗ ನೀರು ಇಳದು ಎರಡ ದಿನಾ ಆತು, ಬೀಗರು ಚಿತ್ರಾ ನೋಡಿ ಹೆದರ್ಯಾರ’ ಎಂದರು. ಅಂದಿನಿಂದ ದಿನಾಂಕ, ಸಮಯ ಎರಡನ್ನೂ ಶೀರ್ಷಿಕೆಯೊಳಗೇ ಬರೆಯುತ್ತೇವೆ. ಅಡಿಟಿಪ್ಪಣಿಯಲ್ಲಿ ಬರೆದರೆ ಕತ್ತರಿಸಿ ಕಳಿಸುವವರು ಇದ್ದಾರೆ. ನೆರೆಯ ಸಮಯದಲ್ಲಿ ಚಾರ್ಟ್ ಮಾಡುವ ಯಾರೇ ಆಗಲಿ, ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ಈಗ ಶೀಟಿನ ಕಥೆ. ಕಚೇರಿಯೊಂದರಿಂದ ನಮಗೆ ಬರುವ ತಾಲೂಕುವಾರು ಬೆಳೆಹಾನಿ ಪಟ್ಟಿ ಪಿಡಿಎಫ್‌ನಲ್ಲಿರುತ್ತದೆ. ಟಾಬ್ಯುಲಾ ಎಂಬ ಉಚಿತ ತಂತ್ರಾಂಶ ಪಿಡಿಎಫ್‌ನಿಂದ ಕೋಷ್ಟಕ ಕಿತ್ತು ಕೊಡುತ್ತದೆ, ನಮ್ಮದೇ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಕಡತ ಎಲ್ಲೂ ಹೋಗುವುದಿಲ್ಲ. ಆದರೆ ಪಟ್ಟಿ ಟೈಪಾಗಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪಗಳನ್ನು ಕೂರಿಸಿದ ಹಳೆಯ ನುಡಿ ಫಾಂಟಿನಲ್ಲಿ. ಪರದೆ ಮೇಲೆ ‘ಹುನಗುಂದ’ ಎಂದು ಲಕ್ಷಣವಾಗಿ ಕಾಣುವುದು ಶೀಟಿಗೆ ಬಂದಾಗ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಕೊಂಬು ಬಾಲಗಳ ರಾಶಿಯಾಗಿರುತ್ತದೆ. ಅಂಕಿಗಳು ನೆಟ್ಟಗೆ ಬರುತ್ತವೆ, ಊರುಗಳು ಮಾತ್ರ ಗುರುತು ಸಿಗುವುದಿಲ್ಲ. ಆ ಕಾಲಂ ಒಂದನ್ನೇ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸುವ ಪರಿವರ್ತಕಕ್ಕೆ ಹಾಕಿ ತಿರುಗಿ ಅಂಟಿಸುತ್ತೇನೆ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಟಾಬ್ಯುಲಾ ಕೈ ಎತ್ತುತ್ತದೆ. ಗೂಗಲ್ ಡ್ರೈವಿನಲ್ಲಿಟ್ಟು ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಗುರುತಿಸಿ ಕೊಡುತ್ತದೆ, ಆಮೇಲೆ ಸಾಲು ಸಾಲಾಗಿ ಮೂಲದ ಜೊತೆ ತಾಳೆ ನೋಡುವುದು ಇದ್ದೇ ಇದೆ. ಕನ್ನಡ ಅಂಕಿ ಬಳಸಿದ ಪಟ್ಟಿಯಾದರೆ ಇನ್ನೂ ಸೊಗಸು: ಸೊನ್ನೆಯೂ ಅನುಸ್ವಾರವೂ ಅದಲುಬದಲು.

ನಕಾಶೆ ಮಾಡುವುದರಲ್ಲಿ ಬೇರೆಯದೇ ಪೇಚಾಟ. 2011ರ ಜನಗಣತಿಯ ಲೆಕ್ಕದಲ್ಲಿ ನಮ್ಮ ಜಿಲ್ಲೆಗೆ ಆರೇ ತಾಲೂಕು. ಇಳಕಲ್ಲ ಆಗ ಹುನಗುಂದದೊಳಗೆ, ಗುಳೇದಗುಡ್ಡ ಬಾದಾಮಿಯೊಳಗೆ, ರಬಕವಿ-ಬನಹಟ್ಟಿ ಜಮಖಂಡಿಯೊಳಗೆ ಇದ್ದವು. ಈಗಿನ ಹಾನಿಯ ಪಟ್ಟಿ ಹೊಸ ತಾಲೂಕುಗಳದ್ದು, ಭಾಗಿಸಬೇಕಾದ ಜನಸಂಖ್ಯೆ ಹಳೆಯ ತಾಲೂಕುಗಳದ್ದು. ಡೇಟಾರ‍್ಯಾಪರ್‌ಗೆ ನಮ್ಮದೇ ಗಡಿಗಳ ಕಡತ ಏರಿಸಬಹುದು, ಅದು ದೊಡ್ಡ ಉಪಕಾರ. ಆದರೂ ಈ ತಾಳೆ ಅದು ಮಾಡಿಕೊಡಲಾರದು. ಹೊಸ ತಾಲೂಕುಗಳನ್ನು ಹಳೆಯದಕ್ಕೆ ಕೂಡಿಸಿ ಆರು ತುಂಡಿನ ನಕಾಶೆಯನ್ನೇ ಹಾಕುತ್ತೇವೆ, ಇಳಕಲ್ಲದವರು ಸಿಟ್ಟಾದರೂ ಸರಿ. ಪಕ್ಕದ ವಿಜಯಪುರದ್ದು ಹೆಸರಿನ ತೊಂದರೆ. 2014ರ ನವೆಂಬರ್ 1ಕ್ಕೆ ಮುಂಚಿನ ಕಡತಗಳಲ್ಲಿ ಅದು ಬಿಜಾಪುರ, ಅದೇ ಹೆಸರಿನ ಜಿಲ್ಲೆ ಛತ್ತೀಸಗಡದಲ್ಲೂ ಇದೆ. ಹೆಸರು ನೋಡಿ ಜೋಡಿಸುವ ಕಡೆ ರಾಜ್ಯದ ಕಾಲಂ ಇಲ್ಲದಿದ್ದರೆ ನಮ್ಮ ಭೀಮಾತೀರ ಬಸ್ತರಕ್ಕೆ ಹೋಗಿ ಕೂತಿರುತ್ತದೆ. 1997ಕ್ಕಿಂತ ಹಿಂದಕ್ಕೆ ಹೋದರೆ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ, ಆ ಲೆಕ್ಕ ಬಿಟ್ಟೇಬಿಡಿ.

ಉಳಿದಿದ್ದು ಚುಟುಕಾಗಿ. ಕನ್ನಡ ಅಕ್ಷರ ಮೊಬೈಲಿನಲ್ಲಿ ಸರಿಯಾಗಿಯೇ ಕಾಣುತ್ತವೆ. ‘ಬಸವನ ಬಾಗೇವಾಡಿ’ಯಂಥ ಉದ್ದ ಹೆಸರು ಕಂಬದ ಜಾಗ ನುಂಗುತ್ತದೆ, ಹೆಸರನ್ನು ಕಂಬದ ಮೇಲಿನ ಸಾಲಿಗೆ ಏರಿಸುವ ಆಯ್ಕೆ ಒತ್ತಿದರೆ ಪರಿಹಾರ. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಚಾರ್ಟ್ ಹೇಗೆ ಕಾಣುತ್ತದೆಂದು ಪರೀಕ್ಷಿಸುವ ವ್ಯವಸ್ಥೆ ಇದೆ. ಪುಕ್ಕಟೆ ಖಾತೆಯ ಚಾರ್ಟಿನ ಕೆಳಗೆ ಅವರ ಹೆಸರು ಬರುತ್ತದೆ, ಬರಲಿ ಬಿಡಿ. ಪ್ರಕಟಿಸಿದ ಮೇಲೆ ಶೀರ್ಷಿಕೆ ತಿದ್ದಿದರೆ ಮತ್ತೊಮ್ಮೆ ಪ್ರಕಟಿಸು ಒತ್ತಬೇಕು, ಇಲ್ಲದಿದ್ದರೆ ಓದುಗನಿಗೆ ಕಾಣುವುದು ಹಳೆಯದೇ. ಚಾರ್ಟಿನ ಕೆಳಗೆ ಅಂಕಿಗಳನ್ನು ಇಳಿಸಿಕೊಳ್ಳುವ ಕೊಂಡಿ ಇಡಬಹುದು. ಅದನ್ನು ದಯವಿಟ್ಟು ಇಡಿ. ನಮ್ಮದನ್ನು ಇಳಿಸಿಕೊಂಡ ಬೀಳಗಿ ಕಡೆಯ ಮೇಷ್ಟ್ರೊಬ್ಬರು ಹೈಸ್ಕೂಲ್ ಮಕ್ಕಳಿಗೆ ಸರಾಸರಿ ತೆಗೆಯಲು ಕೊಟ್ಟಿದ್ದರು.

ಚುನಾವಣೆ ದಿನ ಓಡುವ ಕಂಬಗಳು, ಕುಣಿಯುವ ಚಿತ್ರಗಳು ಬೇಕೆನ್ನುವವರಿಗೆ ಇದು ಸಪ್ಪೆ ಎನಿಸೀತು. ಅಂಥವರಿಗೆ 2022ರಲ್ಲಿ ಕ್ಯಾನ್ವಾ ಕಂಪನಿ ಕೊಂಡ ಫ್ಲರಿಶ್ ಎಂಬ ಉಪಕರಣ ಇದೆ. ಅದರ ಪುಕ್ಕಟೆ ಖಾತೆಯಲ್ಲಿ ಪ್ರಕಟಿಸಿದ್ದರ ಅಂಕಿಗಳೂ ಸಾರ್ವಜನಿಕ ಎಂಬುದು ನೆನಪಿರಲಿ. ನನ್ನ ಲೆಕ್ಕದಲ್ಲಿ ಡೇಟಾರ‍್ಯಾಪರ್‌ಗೆ ಐದಕ್ಕೆ ನಾಲ್ಕು. ಈ ಸಲ ಜೂನ್‌ಗೆ ಮುಂಚೆ ಆಲಮಟ್ಟಿಯ ಕೆಳಗಿನ ನಾರಾಯಣಪುರ ಡ್ಯಾಮಿನ ಕಾಲಂ ಕೂಡ ಸೇರಿಸುವವನಿದ್ದೇನೆ. ಅದರ ಪೂರ್ಣಮಟ್ಟ 492.25 ಮೀಟರ್, ಪುಣ್ಯಕ್ಕೆ ಅಡಿಯ ಲೆಕ್ಕವಲ್ಲ.