ಆನ್‌ಲೈನ್ ಹರಾಜಿನಲ್ಲಿ ತಗೊಂಡ 'ಬೆಳ್ಳಿ' ರೂಪಾಯಿ: ಐದಕ್ಕೆ ಒಂದು ಸ್ಟಾರ್

ಶಿರಸಿಯವನು ನಾನು, ಅಡಿಕೆ ಟೆಂಡರ್ ನೋಡಿಕೊಂಡೇ ಬೆಳೆದವನು. ಅಲ್ಲಿ ರಾಶಿ ಮುಂದೆ ನಿಂತು, ಒಂದು ಅಡಿಕೆ ಕತ್ತರಿಸಿ ನೋಡಿ ಆಮೇಲೆ ದರ ಬರೆಯುತ್ತಾರೆ. ಆನ್‌ಲೈನ್‌ನಲ್ಲಿ ಬರೀ ಫೋಟೋ ನಂಬಿ ಬಿಡ್ ಮಾಡಿದೆ, ತಪ್ಪು ನನ್ನದೂ ಇದೆ ಬಿಡಿ.

1835ರ ಈಸ್ಟ್ ಇಂಡಿಯಾ ಕಂಪನಿ ರೂಪಾಯಿ, ನಾಲ್ಕನೇ ವಿಲಿಯಂ ಮುಖ ಇರುವುದು. ಬಂದ ಮೇಲೆ ನಮ್ಮ ಪೇಟೆಯ ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿದೆ. ಅಸಲಿ ನಾಣ್ಯ 11.66 ಗ್ರಾಂ ಇರಬೇಕು, ಇದು 9 ಕೂಡ ದಾಟಲಿಲ್ಲ. ಅವರು ಸುಮ್ನೆ ನಕ್ಕು ಒಂದು ಅಯಸ್ಕಾಂತ ತಂದು ಹಿಡಿದರು, ಟಕ್ ಅಂತ ಅಂಟಿಕೊಂಡಿತು. ಬೆಳ್ಳಿ ಅಂಟುತ್ತದಾ?

ಆಮೇಲೆ ಬಿಡ್ ಪಟ್ಟಿ ತೆಗೆದು ನೋಡಿದರೆ ನನ್ನ ಜೊತೆ ಪೈಪೋಟಿಗೆ ಬಿದ್ದಿದ್ದು ಒಂದೇ ಐಡಿ, ಅದೂ ಈ ಮಾರಾಟಗಾರನ ಬೇರೆ ಹರಾಜುಗಳಲ್ಲೆಲ್ಲ ಬೆಲೆ ಏರಿಸಿ ಕೊನೆ ಗಳಿಗೆಯಲ್ಲಿ ಮಾಯವಾಗುವುದು, ಒಂದನ್ನೂ ಗೆದ್ದಿಲ್ಲ. ಅವನದೇ ಜನ, ಅಲ್ವಾ?

ವಾಪಸ್ ಕೇಳಿದರೆ "ದೂರು ಬೇಡ, ದುಡ್ಡು ನೇರವಾಗಿ ಯುಪಿಐಗೆ ಹಾಕುತ್ತೇನೆ" ಅಂದ. ಒಪ್ಪಲಿಲ್ಲ. ಹೀಗೆ ಮಾತಲ್ಲೇ ದಿನ ತಳ್ಳಿ ದೂರು ಕೊಡುವ ಗಡುವು ದಾಟಿಸುತ್ತಾರೆ. ಪಾರ್ಸೆಲ್ ಒಡೆಯುವಾಗ ವಿಡಿಯೋ ಮಾಡಿದ್ದೆ, ತಕ್ಕಡಿ ಫೋಟೋ ಜೊತೆ ಸೈಟಿಗೇ ಹಾಕಿದೆ. ಉತ್ತರ ಬರದಿದ್ದಾಗ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ದುಡ್ಡು ಬಂತು, ಕೊರಿಯರ್ ಖರ್ಚು ಮಾತ್ರ ಹೋಯಿತು. ಆ ಒಂದು ಸ್ಟಾರ್ ಕೊಟ್ಟಿದ್ದು ಪ್ಯಾಕಿಂಗಿಗೆ.