ಕೋರಿ ಮೀನಿನ ಮರಿಗಳ ಡಬ್ಬಿಗೆ ಬಿಸಿ: ಹೀಟರ್, ಬಲ್ಬು, ನೀರಿನ ಟಬ್‌ಗಳಲ್ಲಿ ಯಾವುದು ವಾಸಿ?

ರಾಯಚೂರಿನಲ್ಲಿ ಕೂತು ಮೀನಿಗೆ ಹೀಟರ್ ಹುಡುಕುತ್ತೇನೆ ಅಂದರೆ ಜನ ನಗುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಆದರೆ ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 30ರ ಆಸುಪಾಸಿನಲ್ಲಿರುವ ಬಿಸಿ ಬೆಳಗಿನ ಜಾವಕ್ಕೆ 16–17ಕ್ಕೆ ಇಳಿಯುತ್ತದೆ. ದೊಡ್ಡ ಟ್ಯಾಂಕು ಇದನ್ನು ತಡೆದುಕೊಳ್ಳುತ್ತದೆ, 5 ಲೀಟರಿನ ಡಬ್ಬಿ ತಡೆಯುವುದಿಲ್ಲ.

ನಾನು ಸಾಕುವುದು ಕೋರಿಡೋರಸ್, ಚಿಕ್ಕದಾಗಿ ಕೋರಿ, ಎಂಬ ಪುಟ್ಟ ಮೀಸೆ ಮೀನು. ತಮಾಷೆಯೆಂದರೆ, ದೊಡ್ಡವು ಮೊಟ್ಟೆಯಿಡಲು ತುಸು ತಣ್ಣೀರು ಸುರಿಯಬೇಕು, ಮರಿಗಳಿಗೆ ಮಾತ್ರ 25–26 ಡಿಗ್ರಿ ಬೇಕು. ಚಳಿಯೊಂದೇ ಮರಿಯನ್ನು ಕೊಲ್ಲುವುದು ಅಪರೂಪ. ನೀರು ತಣ್ಣಗಾದರೆ ಅವು ತಿನ್ನುವುದನ್ನು ಕಡಿಮೆ ಮಾಡುತ್ತವೆ. ಹಾಕಿದ ಮೈಕ್ರೋವರ್ಮ್, ಆರ್ಟೀಮಿಯಾದಂಥ ಸಣ್ಣ ಜೀವಿಗಳ ಆಹಾರ ತಳದಲ್ಲಿ ಕೊಳೆಯುತ್ತದೆ. ಸಾವು ಬರುವುದು ಆ ಕೊಳಕಿನಿಂದ.

ಡಬ್ಬಿಗೊಂದು 25 ವ್ಯಾಟಿನ ಹೀಟರ್ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನನಗೆ ಅದರ ಮೇಲೆ ನಂಬಿಕೆಯಿಲ್ಲ. 25 ವ್ಯಾಟ್ 5 ಲೀಟರ್ ನೀರನ್ನು ಗಂಟೆಗೆ ಸುಮಾರು 4 ಡಿಗ್ರಿ ಏರಿಸಬಲ್ಲದು. ಬಿಸಿ ಸಾಕಾದಾಗ ಹೀಟರನ್ನು ನಿಲ್ಲಿಸುವ ಥರ್ಮೋಸ್ಟಾಟ್ ರಾತ್ರಿ ಕಚ್ಚಿಕೊಂಡರೆ ಮುಗಿಯಿತು. ಜೊತೆಗೆ ಎಷ್ಟು ಡಬ್ಬಿಯೋ ಅಷ್ಟು ಪ್ಲಗ್ಗು.

ಥರ್ಮೋಕೋಲ್ ಪೆಟ್ಟಿಗೆಯೊಳಗೆ ಡಬ್ಬಿಗಳನ್ನಿಟ್ಟು 40 ವ್ಯಾಟಿನ ಬಲ್ಬು ಉರಿಸುವುದು ಅಗ್ಗ. ಎಲ್‌ಇಡಿ ಬಲ್ಬು ಉಪಯೋಗಕ್ಕೆ ಬಾರದು, ಹಳೆಯ ತಂತಿ ಬಲ್ಬೇ ಬೇಕು. ಬಲ್ಬಿನ ಹತ್ತಿರದ ಡಬ್ಬಿ ಬಿಸಿ, ಮೂಲೆಯದು ತಣ್ಣಗೆ. ಬಲ್ಬು ಥರ್ಮೋಕೋಲಿಗೆ ತಾಗಿದರೆ ಬೆಂಕಿಯ ಭಯ ಬೇರೆ. ಮೊಟ್ಟೆ ಒಡೆಯುವವರೆಗೆ ಸಾಕು, ಅದರಾಚೆ ಬೇಡ.

ಟ್ಯಾಂಕಿನ ಗೋಡೆಗೆ ತೂಗುಹಾಕುವ ಮರಿಪೆಟ್ಟಿಗೆ ಚೆನ್ನಾಗಿದೆ. ಏರ್ ಪಂಪು ಟ್ಯಾಂಕಿನ ನೀರನ್ನೇ ಅದರೊಳಗೆ ಹರಿಸುವುದರಿಂದ ಬಿಸಿಯ ಚಿಂತೆಯಿಲ್ಲ. ಒಂದೇ ಸಲದ ಮೊಟ್ಟೆಗೆ ಇದೇ ಸಾಕು. ಟ್ಯಾಂಕಿಗೆ ರೋಗ ಬಂದರೆ ಮರಿಗೂ ಬರುತ್ತದೆ ಅನ್ನುವುದೊಂದು ತೊಡಕು.

ನಾನು ಉಳಿಸಿಕೊಂಡಿರುವುದು ಟಬ್. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ 60 ಲೀಟರ್ ನೀರು, ಒಂದು 100 ವ್ಯಾಟಿನ ಹೀಟರ್, ನೀರು ತಿರುಗಿಸಲು ಸಣ್ಣ ಪಂಪು, ಇಟ್ಟಿಗೆಗಳ ಮೇಲೆ ಸಾಲಾಗಿ ಡಬ್ಬಿಗಳು. ಡಬ್ಬಿಯೊಳಗಿನ ನೀರು ಹೊರಗಿನದಕ್ಕಿಂತ ತುಸು ಮೇಲಿರಬೇಕು, ಇಲ್ಲದಿದ್ದರೆ ಡಬ್ಬಿ ತೇಲಿ ವಾಲುತ್ತದೆ. ಇಲ್ಲೂ ಥರ್ಮೋಸ್ಟಾಟ್ ಕಚ್ಚಬಹುದು, ಆದರೆ ನೀರು ಗಂಟೆಗೆ ಒಂದೂವರೆ ಡಿಗ್ರಿಗಿಂತ ಹೆಚ್ಚು ಏರದು. ಕರೆಂಟ್ ಹೋದರೂ ಅಷ್ಟೇ ನಿಧಾನವಾಗಿ ಆರುತ್ತದೆ. ಡಬ್ಬಿಗಳಿಗೆ ಗಾಳಿ ಕೊಡುವ ಏರ್ ಪಂಪನ್ನು ಇನ್ವರ್ಟರಿಗೆ ಕೊಟ್ಟರೆ ಸಾಕು. ಟಬ್ಬಿನ ಮೂಲೆಯಲ್ಲೇ ಒಂದು ಬಾಟಲಿ ಹೊಸ ನೀರು ಇಟ್ಟಿರುತ್ತೇನೆ. ದಿನವೂ ಬದಲಿಸುವ ನೀರು ಅದೇ ಬಿಸಿಯಲ್ಲಿ ಸಿಗುತ್ತದೆ. ಟಬ್ಬಿಗೆ ಕೈ ಹಾಕುವ ಮೊದಲು ಹೀಟರಿನ ಪ್ಲಗ್ಗು ಕೀಳುವುದನ್ನು ಮಾತ್ರ ಮರೆಯಬಾರದು.

ಯಾವುದನ್ನು ಆರಿಸಿದರೂ ಮುಚ್ಚಳ ಬೇಕೇ ಬೇಕು. ನಮ್ಮ ಕಡೆಯ ಒಣಗಾಳಿಗೆ ನೀರು ಬೇಗ ಆವಿಯಾಗುತ್ತದೆ. ಆ 60 ಲೀಟರಿನಿಂದ 200 ಮಿಲಿಲೀಟರಿನ ಒಂದು ಲೋಟ ಆರಿಹೋದರೆ, ಸುಮಾರು 2 ಡಿಗ್ರಿಯಷ್ಟು ಶಾಖವೂ ಅದರೊಡನೆ ಹೋದಂತೆ. ಹೊರನೀರು ಕಡಿಮೆಯಾಗಿ ಹೀಟರ್ ಗಾಳಿಗೆ ತೆರೆದುಕೊಂಡರೆ ಗಾಜು ಸಿಡಿಯಬಹುದು. ಟಬ್ಬನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ, ಕೆಳಗೊಂದು ಥರ್ಮೋಕೋಲ್ ಹಲಗೆ ಹಾಕಿ. ಮಾರ್ಚ್ ಬಂದಮೇಲೆ ಹೀಟರ್ ತೆಗೆದಿಟ್ಟು, ಮುಚ್ಚಳ ಸರಿಸಿ, ಫ್ರಿಜ್ಜಿನಲ್ಲಿ ಗಟ್ಟಿಮಾಡಿದ ನೀರಿನ ಬಾಟಲಿಯನ್ನು ಅದೇ ಹೊರನೀರಿಗೆ ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೂ ಟಬ್ಬೇ ಆಗುತ್ತದೆ.