ಲ್ಯಾಪ್‌ಟಾಪಿನೊಳಗೊಂದು ಪಿಡಿಪಿ-11: ಸಿಮ್‌ಎಚ್ ಜೊತೆ ಆರು ವರ್ಷ

ಆರು ವರ್ಷದಿಂದ ಸಿಮ್‌ಎಚ್ ಬಳಸುತ್ತಿದ್ದೇನೆ. ಬಾಬ್ ಸಪ್ನಿಕ್ 1993ರಲ್ಲಿ ಶುರು ಮಾಡಿದ ಓಪನ್ ಸೋರ್ಸ್ ಸಿಮ್ಯುಲೇಟರ್ ಇದು, ಅಂದರೆ ಹಳೆಯ ಕಂಪ್ಯೂಟರ್‌ಗಳನ್ನು ಹಾಗೇ ಅನುಕರಿಸುವ ಸಾಫ್ಟ್‌ವೇರ್. ವ್ಯಾಕ್ಸ್, ಆಲ್ಟೇರ್, ಐಬಿಎಂ 1401 ಹೀಗೆ ಹಳೆಯ ಯಂತ್ರಗಳ ದೊಡ್ಡ ಸಾಲೇ ಇದೆ. ನಾನು ಮಾತ್ರ ಜಾಸ್ತಿ ಇರುವುದು ಡಿಇಸಿ ಕಂಪನಿಯ 1970ರ ದಶಕದ ಮಿನಿಕಂಪ್ಯೂಟರ್ ಪಿಡಿಪಿ-11ರಲ್ಲೇ, ಅದರ ಮೇಲೆ 1975ರ ಆಪರೇಟಿಂಗ್ ಸಿಸ್ಟಮ್ ಯೂನಿಕ್ಸ್ ಆರನೇ ಎಡಿಷನ್. ಕಾಲ್ಡೆರಾ ಕಂಪನಿ 2002ರಲ್ಲಿ ಈ ಹಳೆಯ ಯೂನಿಕ್ಸ್‌ಗಳನ್ನು ಮುಕ್ತ ಲೈಸೆನ್ಸಿನಲ್ಲಿ ಬಿಟ್ಟಿದ್ದು ದೊಡ್ಡ ಉಪಕಾರ.

'ಬೂಟ್ ಆರ್‌ಕೆ0' (ಮೊದಲ ಡಿಸ್ಕಿನಿಂದ ಶುರು ಮಾಡು) ಅಂತ ಕೊಟ್ಟರೆ ಬರುವುದು ಒಂದು @ ಗುರುತು, ಅಷ್ಟೇ. ಅಲ್ಲಿ 'ಯೂನಿಕ್ಸ್' ಅಂತ ಟೈಪ್ ಮಾಡಿದ ಮೇಲೆ ಲಾಗಿನ್ ಕೇಳುತ್ತದೆ. ಬ್ಯಾಕ್‌ಸ್ಪೇಸ್ ನಡೆಯುವುದಿಲ್ಲ. ತಪ್ಪಿದ ಅಕ್ಷರ ತೆಗೆಯಲು # ಒತ್ತಬೇಕು, ಇಡೀ ಸಾಲು ಬೇಡ ಅಂದರೆ @. ಒತ್ತಿದರೂ ಆ ಅಕ್ಷರ ಪರದೆಯ ಮೇಲೆ ಹಾಗೇ ಉಳಿಯುತ್ತದೆ, ಯಾಕೆಂದರೆ ಆಗಿನ ಟರ್ಮಿನಲ್ ಅಂದರೆ ಟೆಲಿಟೈಪ್, ಕಾಗದದ ಮೇಲೆ ಒಮ್ಮೆ ಅಚ್ಚು ಬಿದ್ದದ್ದನ್ನು ಅಳಿಸುವುದು ಹೇಗೆ ಅಲ್ವಾ? ಡೈರೆಕ್ಟರಿ ಬದಲಿಸುವ 'ಸಿಡಿ' (cd) ಕೂಡ ಈ ಯೂನಿಕ್ಸ್‌ಗೆ ಗೊತ್ತಿಲ್ಲ, chdir ಅಂತಲೇ ಬರೆಯಬೇಕು. ಒಂದು ವಾರ ಕಿರಿಕಿರಿ ಆಗುತ್ತದೆ, ಆಮೇಲೆ ಬೆರಳಿಗೆ ಅಭ್ಯಾಸವಾಗುತ್ತದೆ.

ನಾನು ಇದನ್ನು ಬಿಡದಿರಲು ಕಾರಣ ಬೇರೆ. ಕಂಟ್ರೋಲ್-ಇ ಒತ್ತಿ, ಇಡೀ ಯಂತ್ರ ನಿಲ್ಲುತ್ತದೆ. ಪ್ರೊಸೆಸರಿನೊಳಗಿನ ಎಂಟು ರಿಜಿಸ್ಟರಿನಲ್ಲಿ (ಅಂಕಿ ಹಿಡಿದಿಡುವ ಪುಟ್ಟ ಜಾಗಗಳು) ಏನಿದೆ ನೋಡಬಹುದು, 'ಸ್ಟೆಪ್' ಕೊಟ್ಟು ಒಂದೊಂದೇ ಇನ್‌ಸ್ಟ್ರಕ್ಷನ್ ನಡೆಸಬಹುದು. ಸ್ಟ್ಯಾಕ್, ಅಂದರೆ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಮೆಮೊರಿಯ ಜಾಗ, ಅದರ ಬಗ್ಗೆ ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಸಬ್‌ರುಟೀನ್ ಕರೆಯುವ ಜೆಎಸ್‌ಆರ್ ನಡೆದ ಕೂಡಲೇ ಸ್ಟ್ಯಾಕಿನ ತುದಿ ತೋರಿಸುವ ರಿಜಿಸ್ಟರ್ ಎಸ್‌ಪಿ ಎರಡು ಇಳಿದದ್ದು, ವಾಪಸ್ ಬರುವ ಆರ್‌ಟಿಎಸ್ ಬಂದಾಗ ಮತ್ತೆ ಎರಡು ಏರಿದ್ದು ಕಣ್ಣೆದುರೇ ನೋಡಿದ ದಿನ ಅದು ನಿಜವಾಗಿ ತಲೆಗೆ ಹೋಯಿತು. ಅಂಕಿಗಳೆಲ್ಲ ಆಕ್ಟಲ್‌ನಲ್ಲಿ (0ರಿಂದ 7ರವರೆಗಿನ ಅಂಕಿಗಳಲ್ಲೇ ಎಣಿಸುವ ಪದ್ಧತಿ) ಇರುತ್ತವೆ, ಮೊದಮೊದಲು ಪಕ್ಕದಲ್ಲಿ ಪೆನ್ನು ಕಾಗದ ಇಟ್ಟುಕೊಳ್ಳಿ.

'ಸೆಟ್ ಸಿಪಿಯು ಐಡಲ್' ಮರೆಯಬೇಡಿ. ಅದಿಲ್ಲದಿದ್ದರೆ ಯೂನಿಕ್ಸ್ ಸುಮ್ನೆ ಕೂತಿದ್ದಾಗಲೂ ಲ್ಯಾಪ್‌ಟಾಪಿನ ಒಂದು ಕೋರ್ ಪೂರ್ತಿ ದುಡಿಯುತ್ತಲೇ ಇರುತ್ತದೆ. ಕೊಟ್ಟರೆ, ಪಿಡಿಪಿ-11 'ಕಾಯು' ಎನ್ನುವ ವೇಟ್ ಇನ್‌ಸ್ಟ್ರಕ್ಷನ್‌ಗೆ ಬಂದಾಗ ಸಿಮ್ಯುಲೇಟರ್ ಕೂಡ ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ಮ್ಯಾನುಯಲ್ ಸುಲಭವಲ್ಲ. ಯಂತ್ರದ ಬಗ್ಗೆ ಮೊದಲೇ ಗೊತ್ತಿರುವವರಿಗೆ ಬರೆದ ಹಾಗಿದೆ. ಡಿಸ್ಕ್ ಫೈಲಿನ ಕೊನೆಗೆ ತಾನಾಗಿಯೇ ಮಾಹಿತಿ ಸೇರಿಸುವ ಬದಲಾವಣೆಯ ಮೇಲೆ ತಕರಾರು ಎದ್ದು 2022ರಲ್ಲಿ ಪ್ರಾಜೆಕ್ಟ್ ಎರಡಾಯಿತು. ಆ ಎರಡರಲ್ಲಿ ನಾನು ಮುಕ್ತವಾದ ಎಂಐಟಿ ಲೈಸೆನ್ಸಿನ ಓಪನ್ ಸಿಮ್‌ಎಚ್‌ಗೆ ಬಂದೆ, ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಒಂದು ನಷ್ಟವನ್ನೂ ಹೇಳಬೇಕು. ಎರಡನೇ ವರ್ಷ ಒಂದು ರಾತ್ರಿ ಅವಸರದಲ್ಲಿ 'ಸಿಂಕ್' ಕೊಡದೆ ಸಿಮ್ಯುಲೇಟರ್ ಮುಚ್ಚಿಬಿಟ್ಟೆ. ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಹೋಗಿರಲಿಲ್ಲ, ಫೈಲ್ ಸಿಸ್ಟಮ್ ಕೆಟ್ಟಿತು, ಮೂರು ವಾರ ಬರೆದ ಸಿ ಪ್ರೋಗ್ರಾಂ ಹೋಯಿತು. ಕೆಟ್ಟ ಫೈಲ್ ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ (fsck) ಈ ಯೂನಿಕ್ಸ್‌ನಲ್ಲಿ ಇಲ್ಲ. ತುಂಬಾ ಬೇಜಾರಾಯಿತು. ಪಿಡಿಪಿ-11ರ ಆರ್‌ಕೆ05 ಡಿಸ್ಕ್ ಅಂದರೆ ಸಿಮ್ಯುಲೇಟರಿನಲ್ಲಿ ಸುಮಾರು 2.5 ಎಂಬಿಯ ಒಂದು ಫೈಲ್, ಒಂದು ಫೋಟೋದಷ್ಟು. ಈಗ ಪ್ರತಿ ಸಲ ಶುರು ಮಾಡುವ ಮುಂಚೆ ತಾರೀಕು ಹಾಕಿ ಅದರದೊಂದು ಪ್ರತಿ ತೆಗೆದಿಡುತ್ತೇನೆ.